ಕೊಂಡ ವಿಮಾನ, ಕಟ್ಟಿದ ವಿಮಾನ

ಈ ವರ್ಷದ ವಿಜ್ಞಾನ ಪ್ರದರ್ಶನದಲ್ಲಿ ನಮ್ಮಿಂದ ಒಂದು ತಪ್ಪು ನಡೆಯಿತು. ತಪ್ಪು ಮಾಡಿದ ವಿದ್ಯಾರ್ಥಿಯನ್ನು ತರಗತಿಯ ಎದುರಿಗೆ ನಿಲ್ಲಿಸಿ ಒಪ್ಪಿಕೋ ಎನ್ನುವ ನಾವು, ನಮ್ಮ ತಪ್ಪನ್ನು ಶಾಲೆಯ ಈ ವಾರ್ಷಿಕ ಸಂಚಿಕೆಯಲ್ಲಿ ಒಪ್ಪಿಕೊಳ್ಳುವುದು ನ್ಯಾಯವೆಂದು ತೋರಿತು. ಅದಕ್ಕಾಗಿ ಈ ಬರಹ.

ನಾವು ಕನ್ನಡ ವಿಷಯದ ಶಿಕ್ಷಕರು. ವಿಜ್ಞಾನ ಪ್ರದರ್ಶನದಲ್ಲಿ ನಮಗೇನು ಕೆಲಸ ಎಂದು ಯಾರಾದರೂ ಕೇಳಬಹುದು. ಮಕ್ಕಳು ತಾವು ತಂದ ಮಾದರಿಗಳನ್ನು ಎಷ್ಟು ಸ್ಪಷ್ಟವಾಗಿ ವಿವರಿಸುತ್ತಾರೆ ಎಂಬುದನ್ನು ನೋಡಲು ಪ್ರತಿ ವರ್ಷ ನಮ್ಮನ್ನೂ ತೀರ್ಪುಗಾರರಲ್ಲಿ ಸೇರಿಸುತ್ತಾರೆ. ಈ ಸಲ ಅಕ್ಕಪಕ್ಕದ ಎರಡು ಮೇಜುಗಳ ಮೇಲೆ ಎರಡು ಮಾದರಿಗಳಿದ್ದವು. ಒಂದು, ಪಟ್ಟಣದ ಅಂಗಡಿಯಿಂದ ಕೊಂಡು ತಂದ ಜೆಟ್ ಎಂಜಿನ್ನಿನ ಮಾದರಿ. ಪಾರದರ್ಶಕ ಪ್ಲಾಸ್ಟಿಕ್ಕಿನ ಹೊದಿಕೆ, ಒಳಗೆ ಬಣ್ಣಬಣ್ಣದ ಚಕ್ರಗಳು. ಗುಂಡಿ ಒತ್ತಿದರೆ ಬ್ಯಾಟರಿಯಿಂದ ಚಕ್ರಗಳು ತಿರುಗುತ್ತಿದ್ದವು, ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ. ಅದನ್ನು ತಂದ ಹುಡುಗ ಹಾಳೆಯಲ್ಲಿದ್ದುದನ್ನೆಲ್ಲ ತಡವರಿಸದೆ ಒಪ್ಪಿಸಿದ.

ಇನ್ನೊಂದು ಮೇಜಿನ ಹಿಂದೆ ಎಂಟನೆಯ ತರಗತಿಯ ಒಬ್ಬ ಹುಡುಗ ನಿಂತಿದ್ದ. ಎಣ್ಣೆ ಡಬ್ಬಿಯ ತಗಡನ್ನು ದುಂಡಗೆ ಕತ್ತರಿಸಿ, ಅಂಚಿನಿಂದ ನಡುವಿನವರೆಗೆ ಸೀಳಿ, ಒಂದೊಂದು ಸೀಳನ್ನೂ ಇಕ್ಕಳದಿಂದ ಸ್ವಲ್ಪ ತಿರುಚಿ ಒಂದು ಚಕ್ರ ಮಾಡಿದ್ದ. ಸೈಕಲ್ಲಿನ ಹಳೆಯ ಕಡ್ಡಿಗಳ ಮೇಲೆ ಅದನ್ನು ಕೂಡಿಸಿ, ಕೆಳಗೆ ಮೂರು ಹಣತೆ ಹಚ್ಚಿಟ್ಟಿದ್ದ. ಬಿಸಿಗಾಳಿ ಮೇಲೇರಿ ಚಕ್ರವನ್ನು ತಿರುಗಿಸಬೇಕು. ಇಷ್ಟೇ ಅವನ ಪ್ರಯೋಗ. ನಾವು ಹೋದಾಗ ಚಕ್ರ ನಾಲ್ಕೈದು ಸುತ್ತು ತಿರುಗಿ, ಓಲಾಡಿ, ನಿಂತುಬಿಟ್ಟಿತು. ಅವನು ಬೆರಳಿನಿಂದ ನೂಕಿದ. ಮತ್ತೆ ನಿಂತಿತು. "ಯಾಕಪ್ಪಾ ನಿಂತಿತು?" ಎಂದು ಕೇಳಿದೆವು. "ಒಂದು ಕಡಿ ಭಾರ ಆಗ್ಯದರಿ ಸರ" ಎಂದ. ನಾವು ಅಂಕಪಟ್ಟಿಯಲ್ಲಿ 'ಪ್ರಯೋಗ ಸಫಲವಾಗಲಿಲ್ಲ' ಎಂದು ಬರೆದು ಮುಂದಿನ ಮೇಜಿಗೆ ನಡೆದೆವು. ಸಂಜೆ ಮೊದಲ ಬಹುಮಾನ ಜೆಟ್ ಎಂಜಿನ್ನಿಗೆ ಹೋಯಿತು. ತಗಡಿನ ಚಕ್ರಕ್ಕೆ ಏನೂ ಸಿಗಲಿಲ್ಲ.

ಇದಾಗಿ ಕೆಲವು ವಾರಗಳ ಮೇಲೆ ಮಧ್ಯಾಹ್ನದ ವಿರಾಮದಲ್ಲಿ ಹತ್ತನೆಯ ತರಗತಿಯ ಹುಡುಗರು ಒಂದು ಮೊಬೈಲಿನ ಸುತ್ತ ಗುಂಪುಗೂಡಿದ್ದರು. ಗದರಿಸಬೇಕೆಂದು ಹತ್ತಿರ ಹೋದವರು ನಾವೂ ಬಗ್ಗಿ ನೋಡಿದೆವು. ಬಯಲಿನಲ್ಲಿ ಒಂದು ಜೆಟ್ ವಿಮಾನ ನಿಂತಿತ್ತು. ಅದರ ಪಕ್ಕದಲ್ಲಿ ಒಬ್ಬ ಮನುಷ್ಯ ಮೊಣಕಾಲೂರಿ ಕೂತಿದ್ದ. ವಿಮಾನದ ಬೆನ್ನು ಅವನ ಎದೆಯ ಮಟ್ಟಕ್ಕಿತ್ತು. ಬಾಲದ ಹಿಂದೆ ಗಾಳಿ ಬಿಸಿಲ್ಗುದುರೆಯಂತೆ ನಡುಗುತ್ತಿತ್ತು. ಅವನು ಎದ್ದು ದೂರ ಸರಿದು, ಕೊರಳಿಗೆ ತೂಗುಹಾಕಿಕೊಂಡ ಪೆಟ್ಟಿಗೆಯ ಎರಡು ಸಣ್ಣ ಕೋಲುಗಳನ್ನು ಆಡಿಸಿದ. ವಿಮಾನ ಓಡಿ, ಏರಿ, ಗರ್ಜಿಸುತ್ತ ಮೋಡದ ಕಡೆಗೆ ಹೋಯಿತು. "ಇದು ಖರೇ ವಿಮಾನ ಅದ ಏನ್ರಿ ಸರ?" ಎಂದು ಒಬ್ಬ ಕೇಳಿದ.

ನಮ್ಮ ಮಕ್ಕಳಿಗೆ ಜೆಟ್ ವಿಮಾನ ಹೊಸತಲ್ಲ. ತೆಲಂಗಾಣದ ಪಡುವಣ ಅಂಚಿನ ನಮ್ಮ ಹೊಲಗಳ ಮೇಲೆ, ಗಡಿಯಾಚೆಯ ಬೀದರಿನ ವಾಯುನೆಲೆಯಿಂದ ಏಳುವ ಹಾಕ್ ತರಬೇತಿ ವಿಮಾನಗಳು ಹಾರುತ್ತಲೇ ಇರುತ್ತವೆ. 2008ರಲ್ಲಿ ಅವು ಬೀದರಿಗೆ ಬಂದವು. 1996ರಲ್ಲಿ ಅಲ್ಲಿಯೇ ಹುಟ್ಟಿದ ಸೂರ್ಯಕಿರಣ ತಂಡವೂ ಈಗ ಹಾಕ್ ವಿಮಾನಗಳಲ್ಲಿಯೇ ತನ್ನ ಕಸರತ್ತು ತೋರಿಸುತ್ತದೆ. ತೊಗರಿ ಹೊಲದಲ್ಲಿ ಕಳೆ ತೆಗೆಯುವ ತಾಯಂದಿರು ಕೂಡ ಸಪ್ಪಳ ಕೇಳಿಯೇ ಯಾವ ವಿಮಾನವೆಂದು ಹೇಳುವಷ್ಟು ಅದು ನಮಗೆ ಬಳಕೆಯಾಗಿದೆ. ಆದರೆ ಮನುಷ್ಯ ಒಳಗೆ ಕೂಡಲಾರದ ಜೆಟ್ ವಿಮಾನ ಹುಡುಗರಿಗೂ ಹೊಸತು, ನಮಗೂ ಹೊಸತು. ಉತ್ತರ ಹೇಳಲಾರದೆ ನಾಚಿಕೆಯಾಯಿತು. ಅಂದಿನಿಂದ ವಿಜ್ಞಾನ ಶಿಕ್ಷಕರನ್ನು ಕೇಳುತ್ತ, ಸಂಜೆಯ ಹೊತ್ತು ಓದುತ್ತ ನಾವು ಸಂಗ್ರಹಿಸಿದ ವಿಷಯ ಇಲ್ಲಿದೆ.

ಅವನ್ನು ರೇಡಿಯೋ ನಿಯಂತ್ರಿತ ಜೆಟ್ ಮಾದರಿಗಳೆನ್ನುತ್ತಾರೆ. ದೊಡ್ಡ ಮಾದರಿಗಳು ಎರಡು ಮೂರು ಮೀಟರ್ ಉದ್ದ ಇರುತ್ತವೆ. ಒಳಗಿರುವುದು ಆಟಿಕೆಯ ಯಂತ್ರವಲ್ಲ, ನಿಜವಾದ ಜೆಟ್ ಎಂಜಿನ್ನು. ಮುಂದಿನ ಚಕ್ರ ಗಾಳಿಯನ್ನು ಒಳಗೆಳೆದು ಒತ್ತುತ್ತದೆ. ಒತ್ತಿದ ಗಾಳಿಯಲ್ಲಿ ಸೀಮೆಎಣ್ಣೆ, ಅಂದರೆ ನಮ್ಮೂರ ಮಾತಿನ ಚಿಮಣಿ ಎಣ್ಣೆ, ಉರಿಯುತ್ತದೆ. ಉರಿದ ಗಾಳಿ ಉಬ್ಬಿ ಹಿಂದಿನ ಚಕ್ರವನ್ನು ತಿರುಗಿಸಿ ಹೊರಗೆ ನುಗ್ಗುತ್ತದೆ. ಆ ನುಗ್ಗಿನ ಎದುರೇಟಿನಿಂದ ವಿಮಾನ ಮುಂದಕ್ಕೆ ಹೋಗುತ್ತದೆ. ಹಿಂದಿನ ಚಕ್ರವೂ ಮುಂದಿನ ಚಕ್ರವೂ ಒಂದೇ ಅಚ್ಚಿಗೆ ಕೂತಿರುವುದರಿಂದ ಹಿಂದಿನದು ತಿರುಗಿದಷ್ಟು ಹೊತ್ತು ಮುಂದಿನದೂ ಗಾಳಿ ಎಳೆಯುತ್ತಲೇ ಇರುತ್ತದೆ. ಕಂಬಾರನ ಕುಲುಮೆಯಲ್ಲಿ ಬೆಂಕಿಯೇ ತಿದಿಯನ್ನು ಒತ್ತಿಕೊಂಡಂತೆ ಇದು. ಎರಡೂವರೆ ಕಿಲೋಗ್ರಾಂ ಆಸುಪಾಸಿನ ತೂಕದ ಇಂಥ ಎಂಜಿನ್ನು ಇಪ್ಪತ್ತು ಕಿಲೋಗ್ರಾಂಗೂ ಹೆಚ್ಚಿನ ನೂಕುಬಲ ಕೊಡುತ್ತದೆ. ಅದರ ಅಚ್ಚು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸಲ ಸುತ್ತುತ್ತದೆ. ನಾಲ್ಕೈದು ಲೀಟರ್ ಎಣ್ಣೆ ಎಂಟು ಹತ್ತು ನಿಮಿಷಗಳಲ್ಲಿ ತೀರಿಹೋಗುತ್ತದೆ. 2017ರಲ್ಲಿ ಜರ್ಮನಿಯಲ್ಲಿ ಇಂಥ ಒಂದು ಮಾದರಿ ಗಂಟೆಗೆ 749 ಕಿಲೋಮೀಟರ್ ವೇಗದಲ್ಲಿ ಹಾರಿ ದಾಖಲೆ ಮಾಡಿತು.

ಗಣಿತವನ್ನು ಒಣ ವಿಷಯವೆನ್ನುವ ವಿದ್ಯಾರ್ಥಿಗಳು ಒಂದು ಲೆಕ್ಕ ನೋಡಬೇಕು. ನಮ್ಮ ನೆತ್ತಿಯ ಮೇಲೆ ಹಾರುವ ಹಾಕ್ ವಿಮಾನ ಸುಮಾರು 12 ಮೀಟರ್ ಉದ್ದವಿದೆ. ಅದನ್ನು ನಾಲ್ಕರಲ್ಲಿ ಒಂದು ಪ್ರಮಾಣಕ್ಕೆ ಇಳಿಸಿದರೆ ಮಾದರಿಯ ಉದ್ದ 3 ಮೀಟರ್. ಉದ್ದ ನಾಲ್ಕರಲ್ಲಿ ಒಂದಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕರಲ್ಲಿ ಒಂದಾಗುವುದಿಲ್ಲ, ಹದಿನಾರರಲ್ಲಿ ಒಂದಾಗುತ್ತದೆ. ಘನಗಾತ್ರವಂತೂ ಅರವತ್ತನಾಲ್ಕರಲ್ಲಿ ಒಂದಾಗುತ್ತದೆ. ಗಾತ್ರಕ್ಕೆ ತಕ್ಕಂತೆ ತೂಕವೂ ಇಳಿದರೆ, ರೆಕ್ಕೆಯ ಒಂದೊಂದು ಚದರ ಅಡಿ ಹೊರಬೇಕಾದ ಭಾರ ನಿಜವಾದ ವಿಮಾನದಲ್ಲಿರುವುದರ ನಾಲ್ಕನೆಯ ಒಂದು ಪಾಲಿಗೆ ಬರುತ್ತದೆ. ಆದುದರಿಂದ ಮಾದರಿ ನಿಜವಾದ ವಿಮಾನಕ್ಕಿಂತ ನಿಧಾನವಾಗಿಯೂ ಹಾರಬಲ್ಲದು, ಚಿಕ್ಕ ಬಯಲಿನಲ್ಲಿಯೂ ಇಳಿಯಬಲ್ಲದು. ಆದರೆ ಬೀಸುವ ಗಾಳಿ ನಮಗಾಗಿ ನಾಲ್ಕನೆಯ ಒಂದು ಪಾಲಿಗೆ ಇಳಿಯುವುದಿಲ್ಲ. ಹನ್ನೆರಡು ಮೀಟರ್ ವಿಮಾನಕ್ಕೆ ಬೀಸಿದ ಗಾಳಿಯೇ ಮೂರು ಮೀಟರ್ ವಿಮಾನಕ್ಕೂ ಬೀಸುತ್ತದೆ. ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ವರ್ಗ, ಘನ ಎಂದು ಓದಿ ಮರೆಯುವ ಮಾತು ಅಲ್ಲಿ ವಿಮಾನವನ್ನು ಎತ್ತುತ್ತದೆ, ಬೀಳಿಸಲೂ ಬಲ್ಲದು.

ಇನ್ನು ಆ ಪುಟ್ಟ ಎಂಜಿನ್ನು ಬಂದ ಬಗೆ. ಬಹುಕಾಲ ಮಾದರಿ ವಿಮಾನಗಳಲ್ಲಿ ನಿಜವಾದ ಜೆಟ್ ಎಂಜಿನ್ನು ಇರಲಿಲ್ಲ. ಕೊಳವೆಯೊಳಗೆ ಒಂದು ಪಂಖವನ್ನಿಟ್ಟು ಸಣ್ಣ ಪೆಟ್ರೋಲ್ ಜಾತಿಯ ಎಂಜಿನ್ನಿನಿಂದ ಅದನ್ನು ತಿರುಗಿಸಿ, ಜೆಟ್ಟಿನ ರೂಪ ಮಾತ್ರ ಕೊಡುತ್ತಿದ್ದರು. 1983ರಲ್ಲಿ ಬ್ರಿಟನ್ನಿನಲ್ಲಿ ಜೆರಿ ಜ್ಯಾಕ್‌ಮನ್ ಮತ್ತು ಅವರ ಗೆಳೆಯರು ತಾವೇ ಮಾಡಿದ ಪುಟ್ಟ ಟರ್ಬೈನ್ ಎಂಜಿನ್ನಿನಿಂದ ಒಂದು ಮಾದರಿಯನ್ನು ಹಾರಿಸಿದರು. ಅದು ಪ್ರೊಪೇನ್ ಅನಿಲದಿಂದ ನಡೆಯುತ್ತಿತ್ತು. ಕೆಲವು ವರ್ಷಗಳ ಮೇಲೆ ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಎಂಬುವರು ಮನೆಯ ಸಾಮಾನ್ಯ ಉಪಕರಣಗಳಿಂದಲೇ ಮಾಡಬಹುದಾದ ಎಂಜಿನ್ನನ್ನು ರೂಪಿಸಿದರು. ಅದರ ಗಾಳಿ ಒತ್ತುವ ಚಕ್ರ ಪ್ಲೈವುಡ್ಡಿನದು! ಉರಿಯ ಎದುರಿಗೆ ಸುತ್ತುವ ಹಿಂದಿನ ಚಕ್ರವನ್ನು ಅವರು ಉಕ್ಕಿನ ತಗಡಿನಿಂದ ಕತ್ತರಿಸಿ, ಅದರ ಎಲೆಗಳನ್ನು ಒಂದೊಂದಾಗಿ ತಿರುಚಿ ಮಾಡಿದರು. ಅನಂತರ ಅದನ್ನು ಹೇಗೆ ಮಾಡಬೇಕೆಂದು ಪುಸ್ತಕ ಬರೆದು ಎಲ್ಲರ ಕೈಗೂ ಕೊಟ್ಟರು. ಇಂದು ಅಂಗಡಿಯಲ್ಲಿ ಸಿಗುವ ಮಾದರಿ ಎಂಜಿನ್ನುಗಳ ಹಿಂದೆ ಇಂಥವರ ಮನೆಯ ಮೂಲೆಯ ಕಾರ್ಖಾನೆಗಳಿವೆ.

ತಗಡು ಕತ್ತರಿಸಿ ಎಲೆಗಳನ್ನು ತಿರುಚಿದರು ಎಂಬ ಮಾತು ಓದಿದಾಗ ನಾವು ಪುಸ್ತಕ ಮಡಚಿಟ್ಟೆವು. ನಮ್ಮ ಎಂಟನೆಯ ತರಗತಿಯ ಹುಡುಗ ಎಣ್ಣೆ ಡಬ್ಬಿಯಿಂದ ಮಾಡಿದ್ದೂ ಅದನ್ನೇ. ಅವನು ಹೇಳಿದ ಕಾರಣವೂ ಸರಿಯಾಗಿತ್ತು. ಚಕ್ರದ ಒಂದು ಕಡೆ ಎಳ್ಳಷ್ಟು ಭಾರ ಹೆಚ್ಚಾದರೂ ಲಕ್ಷ ಸುತ್ತಿನ ವೇಗದಲ್ಲಿ ಅಚ್ಚು ನಡುಗಿ ಎಂಜಿನ್ನು ಹಾಳಾಗುತ್ತದೆ. ಅದಕ್ಕಾಗಿ ಚಕ್ರದ ತೂಕ ಸರಿದೂಗಿಸುವುದೇ ಅಲ್ಲಿ ಅತಿ ಸೂಕ್ಷ್ಮವಾದ ಕೆಲಸ. ಜೆಟ್ ಎಂಜಿನ್ ಕಟ್ಟುವವರೆಲ್ಲ ಎದುರಿಸುವ ಕಷ್ಟವನ್ನು ಆ ಹುಡುಗ ತನ್ನ ಅನುಭವದಿಂದ ಕಂಡುಕೊಂಡು, ತನ್ನ ಮಾತಿನಲ್ಲಿ ಹೇಳಿದ್ದ. ನಾವು ಅದನ್ನು ವಿಫಲವೆಂದು ಬರೆದಿದ್ದೆವು. ಗುಂಡಿ ಒತ್ತಿದರೆ ತಿರುಗುವ ಪ್ಲಾಸ್ಟಿಕ್ಕಿಗೆ ಬಹುಮಾನ ಕೊಟ್ಟಿದ್ದೆವು.

ಹಾಗಾದರೆ ಕೊಳ್ಳುವುದೇ ತಪ್ಪೆ? ಈ ಪ್ರಶ್ನೆ ಮಾದರಿ ವಿಮಾನಗಳ ಜಗತ್ತಿನಲ್ಲಿಯೂ ಇದೆ. ಅಲ್ಲಿ ಬಹಳ ಹಿಂದಿನಿಂದ ಕಿಟ್ ಎಂಬ ಪದ್ಧತಿಯಿದೆ. ಪೆಟ್ಟಿಗೆಯಲ್ಲಿ ಗಾಜಿನ ನಾರಿನಿಂದ ಎರಕ ಹೊಯ್ದ ಒಡಲು, ಹಗುರಾದ ಬಾಲ್ಸಾ ಕಟ್ಟಿಗೆಯ ತುಂಡುಗಳು, ಪ್ಲೈವುಡ್ಡಿನ ಅಡ್ಡಪಟ್ಟಿಗಳು, ಒಂದು ದೊಡ್ಡ ನಕ್ಷೆ ಇರುತ್ತವೆ. ಮಿಕ್ಕದ್ದೆಲ್ಲ ಕೊಂಡವನ ಕೆಲಸ. ನಕ್ಷೆಯನ್ನು ಹಲಗೆಯ ಮೇಲೆ ಹಾಸಿ, ಕಟ್ಟಿಗೆಯನ್ನು ಉಜ್ಜಿ, ಅಂಟು ಹಚ್ಚಿ, ಒಣಗಲು ಬಿಟ್ಟು, ಒಂದು ರೆಕ್ಕೆ ಇನ್ನೊಂದಕ್ಕೆ ಸಮನಾಗಿದೆಯೇ ಎಂದು ಹತ್ತು ಸಲ ಅಳೆದು ನೋಡಬೇಕು. ಚಕ್ರಗಳು ಹಾರಿದ ಮೇಲೆ ಒಳಗೆ ಮಡಚಿಕೊಳ್ಳಬೇಕು, ಇಳಿಯುವಾಗ ಬಿಚ್ಚಿಕೊಳ್ಳಬೇಕು. ಎಣ್ಣೆಯ ಕೊಳವೆಯಲ್ಲಿ ಒಂದು ಗಾಳಿಗುಳ್ಳೆ ಕೂಡ ಉಳಿಯಬಾರದು. ಉಳಿದರೆ ಎಂಜಿನ್ನು ಆಕಾಶದಲ್ಲಿಯೇ ಆರಿಹೋಗುತ್ತದೆ. ಕೊನೆಗೆ ನಕ್ಷೆಯಲ್ಲಿ ಗುರುತಿಸಿದ ಜಾಗದಲ್ಲಿ ಆಧಾರ ಕೊಟ್ಟು ವಿಮಾನವನ್ನು ಎತ್ತಿ, ತಕ್ಕಡಿಯಂತೆ ಮಟ್ಟವಾಗಿ ನಿಲ್ಲುತ್ತದೆಯೇ ಎಂದು ನೋಡಬೇಕು. ಬಾಲ ಭಾರವಾದರೆ ಆ ವಿಮಾನ ಹಿಡಿತಕ್ಕೆ ಸಿಗುವುದಿಲ್ಲ. ಇಂಥ ಒಂದು ಮಾದರಿಗೆ ಬಿಡುವಿನ ವೇಳೆಯಲ್ಲಿ ವರ್ಷಗಟ್ಟಲೆ ದುಡಿದವರಿದ್ದಾರೆ.

ಈಗ ಕಾಲ ಬದಲಾಗಿದೆ. ಬಣ್ಣ ಹೊಡೆದು, ಕೀಲು ಕೂಡಿಸಿ, ಬಹುಮಟ್ಟಿಗೆ ಸಿದ್ಧವಾದ ವಿಮಾನಗಳೇ ಪೆಟ್ಟಿಗೆಯಲ್ಲಿ ಬರುತ್ತವೆ. ಎಂಜಿನ್ನು, ರೇಡಿಯೋ ಕೂಡಿಸಿ ಕೆಲವೇ ವಾರಗಳಲ್ಲಿ ಹಾರಿಸಬಹುದು. ಹಳಬರು ಇದನ್ನು ಕಂಡು ಮರುಗುತ್ತಾರೆ. ಹೊಸಬರು ಹೇಳುವ ಮಾತಿನಲ್ಲಿಯೂ ಸತ್ಯವಿದೆ: ಹಾರಿಸುವುದು ತಾನೇ ಒಂದು ವಿದ್ಯೆ. ಎಲ್ಲರಿಗೂ ಉಜ್ಜುವ, ಅಂಟಿಸುವ ಬಿಡುವು ಇರುವುದಿಲ್ಲ. ಕಾರ್ಖಾನೆಯ ಅಚ್ಚಿನಲ್ಲಿ ಬಂದ ರೆಕ್ಕೆ ಎಳೆಯ ಕೈ ಮಾಡಿದ ರೆಕ್ಕೆಗಿಂತ ನೇರವಾಗಿಯೂ ಗಟ್ಟಿಯಾಗಿಯೂ ಇರಬಹುದು. ಬಂಡಿ ಹೊಡೆಯುವವನು ಬಂಡಿಯನ್ನೂ ತಾನೇ ಮಾಡಿರಬೇಕೆಂದು ನಾವು ಕೇಳುವುದಿಲ್ಲವಲ್ಲ. ಈ ವಾದವನ್ನು ನಾವು ಒಪ್ಪುತ್ತೇವೆ. ಸಂತೋಷಕ್ಕಾಗಿ ಕೊಂಡು ಹಾರಿಸುವವರ ಮೇಲೆ ನಮ್ಮ ತಕರಾರೇನೂ ಇಲ್ಲ.

ಆದರೆ ಒಂದು ಗೆರೆಯಿದೆ. ಕೊಂಡದ್ದನ್ನು ಕಟ್ಟಿದ್ದೆಂದು ತೋರಿಸುವಂತಿಲ್ಲ. 1905ರಲ್ಲಿ ಸ್ಥಾಪನೆಯಾದ ಎಫ್.ಎ.ಐ. ಎಂಬ ಅಂತಾರಾಷ್ಟ್ರೀಯ ವಾಯುಕ್ರೀಡಾ ಸಂಸ್ಥೆ ಈ ಗೆರೆಯನ್ನು ನಿಯಮವಾಗಿಯೇ ಬರೆದಿಟ್ಟಿದೆ. ನಿಜವಾದ ವಿಮಾನದ ಪಡಿಯಚ್ಚಿನಂಥ ಮಾದರಿಗಳ ಮುಖ್ಯ ಸ್ಪರ್ಧೆಯಲ್ಲಿ, ಮಾದರಿಯನ್ನು ಕಟ್ಟಿದವನೇ ಸ್ಪರ್ಧಿಯಾಗಿರಬೇಕು. ಯಾವ ಭಾಗ ತಾನು ಮಾಡಿದ್ದು, ಯಾವ ಭಾಗ ಕೊಂಡದ್ದು ಎಂದು ಅವನು ಬರೆದುಕೊಡಬೇಕು. ಬೇರೆಯವರು ಕಟ್ಟಿದ ಮಾದರಿ ತಂದವರಿಗೆ ಬೇರೆಯ ವರ್ಗವಿದೆ. ಅವರನ್ನು ಯಾರೂ ಹೊರಗಟ್ಟುವುದಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ, ಅಷ್ಟೆ. ಈ ಸರಳ ನಿಯಮ ನಮ್ಮ ಶಾಲೆಯ ಪ್ರದರ್ಶನದಲ್ಲಿ ಇದ್ದಿದ್ದರೆ ನಾವು ಎಡವುತ್ತಿರಲಿಲ್ಲ.

ಆ ಜಗತ್ತಿನ ಇನ್ನೆರಡು ಪದ್ಧತಿಗಳೂ ನಮಗೆ ಬಹಳ ಹಿಡಿಸಿದವು. ಬ್ರಿಟನ್ನಿನಲ್ಲಿ 25 ಕಿಲೋಗ್ರಾಂ ಮೀರಿದ ಮಾದರಿಗಳನ್ನು ಕಟ್ಟುತ್ತಿರುವಾಗಲೇ ಅನುಭವಿಯಾದ ಒಬ್ಬ ಪರೀಕ್ಷಕರು ಬಂದು ನೋಡುತ್ತಾರೆ. ಬಣ್ಣದ ಕೆಳಗೆ ಮುಚ್ಚಿಹೋಗುವ ಮುನ್ನವೇ ಒಳಗಿನ ಕೆಲಸವನ್ನು ಕಾಣಬೇಕೆಂಬುದು ಅವರ ಉದ್ದೇಶ. ನಾವು ಶಿಕ್ಷಕರು ಮುಗಿದ ಮಾದರಿಯನ್ನು ಮಾತ್ರ ನೋಡುತ್ತೇವೆ. ಮಾಡುವಾಗ ಒಮ್ಮೆಯಾದರೂ ನೋಡಿದ್ದರೆ ತಗಡಿನ ಹುಡುಗನಿಗೆ ಒಂದು ಮಾತು ಹೇಳಿಕೊಡಬಹುದಿತ್ತು.

ಎರಡನೆಯದು ಹಳೆಯ ರೇಡಿಯೋಗಳ ಕಾಲದ್ದು. ಆಗ ಇಬ್ಬರು ಒಂದೇ ತರಂಗದಲ್ಲಿ ರೇಡಿಯೋ ಹಚ್ಚಿದರೆ ಒಬ್ಬರ ವಿಮಾನ ಬೀಳುವುದು ಖಂಡಿತವಾಗಿತ್ತು. ಅದಕ್ಕೆ ಬಯಲಿನಲ್ಲಿ ಒಂದು ಹಲಗೆ ನಿಲ್ಲಿಸಿ, ಒಂದೊಂದು ತರಂಗಕ್ಕೆ ಒಂದೊಂದು ಗುರುತಿನ ಕ್ಲಿಪ್ಪು ಇಡುತ್ತಿದ್ದರು. ತನ್ನ ತರಂಗದ ಕ್ಲಿಪ್ಪು ಕೈಯಲ್ಲಿಲ್ಲದೆ ಯಾರೂ ರೇಡಿಯೋ ಹಚ್ಚುವಂತಿರಲಿಲ್ಲ. ಹೊಸ ರೇಡಿಯೋಗಳಿಗೆ ಈ ತೊಂದರೆಯಿಲ್ಲ. ಆದರೂ ಕಾವಲುಗಾರನಿಲ್ಲದ ಬಯಲಿನಲ್ಲಿ ಒಂದು ಹಲಗೆಯ ಮೇಲಿನ ನಂಬಿಕೆಯಿಂದ ಅಷ್ಟು ಜನರ ಶ್ರಮ ಉಳಿಯುತ್ತಿತ್ತಲ್ಲ, ಅದು ಪೌರನೀತಿಯ ಒಳ್ಳೆಯ ಪಾಠ. ನಮ್ಮ ಪ್ರಯೋಗಾಲಯದಲ್ಲಿರುವ ಒಂದೇ ಇಕ್ಕಳಕ್ಕೂ ಇಂಥ ಒಂದು ಹಲಗೆ ಬೇಕಾಗಿದೆ.

ಇದೆಲ್ಲ ದೂರದ ಶ್ರೀಮಂತ ದೇಶಗಳ ಮಾತು, ನಮಗೇಕೆ ಎನ್ನುವವರೂ ಉಂಟು. ಮಾದರಿ ಕಟ್ಟುವುದು ನಮಗೆ ಹೊರಗಿನಿಂದ ಬಂದುದಲ್ಲ. ಮಣ್ಣೆತ್ತಿನ ಅಮಾವಾಸ್ಯೆ ನಮ್ಮ ಸೀಮೆಯ ಮಾದರಿಗಳ ಹಬ್ಬ. ನಾವು ಚಿಕ್ಕವರಿದ್ದಾಗ ಕೆರೆಯಿಂದ ಕರಿಮಣ್ಣು ತಂದು, ಕಲ್ಲು ಆರಿಸಿ, ಮಿದಿದು, ಒಂದು ಜೋಡಿ ಎತ್ತು ಮಾಡುತ್ತಿದ್ದೆವು. ಕಾಲು ಸಣ್ಣದಾದರೆ ಎತ್ತು ಕುಸಿಯುತ್ತಿತ್ತು. ಕೋಡು ಉದ್ದವಾದರೆ ಒಣಗುವಾಗ ಬಿರಿಯುತ್ತಿತ್ತು. ಅಜ್ಜ ನೋಡಿ, "ಇದರ ಹಿಣಿಲು ಎಲ್ಲದನೋ?" ಎಂದು ಕೇಳಿದಾಗ ಕೊಟ್ಟಿಗೆಗೆ ಓಡಿ ನಿಜವಾದ ಎತ್ತಿನ ಹಿಣಿಲನ್ನು ನೋಡಿ ಬರುತ್ತಿದ್ದೆವು. ದಿನವೂ ಕಣ್ಣೆದುರಿಗಿದ್ದ ಎತ್ತನ್ನು ಮಣ್ಣಿನಲ್ಲಿ ಮಾಡುವವರೆಗೆ ನಾವು ನೋಡಿಯೇ ಇರಲಿಲ್ಲ. ಇಂದು ಎಷ್ಟೋ ಮನೆಗಳಿಗೆ ಮಣ್ಣೆತ್ತುಗಳು ಬಣ್ಣ ಹಚ್ಚಿಕೊಂಡು ಸಂತೆಯಿಂದ ಬರುತ್ತವೆ. ಪೂಜೆ ನಡೆಯುತ್ತದೆ, ಮಗುವಿಗೆ ಹಿಣಿಲು ಎಲ್ಲಿದೆಯೆಂದು ಗೊತ್ತಾಗುವುದಿಲ್ಲ.

ನಿಜವಾದ ವಿಮಾನ ಕಟ್ಟಿದವರೂ ಇದೇ ದಾರಿಯಲ್ಲಿ ನಡೆದವರು. ಬೆಂಗಳೂರಿನ ಹಿಂದುಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಮಾರುತ್ ಯುದ್ಧವಿಮಾನ ರೂಪುಗೊಳ್ಳುತ್ತಿದ್ದಾಗ, ಅದೇ ಅಳತೆಯ, ಎಂಜಿನ್ನಿಲ್ಲದ, ಕಟ್ಟಿಗೆಯ ಗ್ಲೈಡರನ್ನು ಮೊದಲು ಕಟ್ಟಿದರು. 1959ರಲ್ಲಿ ಅದನ್ನು ಇನ್ನೊಂದು ವಿಮಾನಕ್ಕೆ ಕಟ್ಟಿ ಎಳೆಸಿ, ಮೇಲೆ ಬಿಡಿಸಿ ಹಾರಿಸಿ, ಅದು ಕಲಿಸಿದ್ದನ್ನು ಕಲಿತರು. ನಿಜವಾದ ಮಾರುತ್ 1961ರ ಜೂನ್ 17ರಂದು ಹಾರಿತು. ಡಾ. ವಿ. ಎಂ. ಘಾಟಗೆ ಅವರ ಮಾರ್ಗದರ್ಶನದಲ್ಲಿ ಅಲ್ಲಿಯೇ ರೂಪುಗೊಂಡ ಕಿರಣ್ ತರಬೇತಿ ವಿಮಾನ 1964ರಲ್ಲಿ ಹಾರಿತು. ಸೂರ್ಯಕಿರಣ ತಂಡ ಮೊದಲು ಹಾರಿಸುತ್ತಿದ್ದುದು ಆ ಕಿರಣ್ ವಿಮಾನಗಳನ್ನೇ. ಬೆಂಗಳೂರಿನಲ್ಲಿಯೇ ರೂಪುಗೊಂಡ 'ಲಕ್ಷ್ಯ' ಎಂಬ ವಿಮಾನದಲ್ಲಿ ಚಾಲಕನೇ ಇರುವುದಿಲ್ಲ. ನೆಲದಿಂದಲೇ ನಡೆಸುವ, ಜೆಟ್ ಎಂಜಿನ್ನಿನ ಆ ವಿಮಾನ ಸೈನಿಕರ ಗುರಿ ಅಭ್ಯಾಸಕ್ಕಾಗಿ ಇರುವಂಥದು. ಹುಡುಗರು ಮೊಬೈಲಿನಲ್ಲಿ ಕಂಡ ವಿಮಾನದ ದೊಡ್ಡ ದಾಯಾದಿ ಎನ್ನಬಹುದು.

ಇಲ್ಲಿ ಪಾಲಕರೊಡನೆ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಯಂತ್ರ, ವಿಜ್ಞಾನಗಳಲ್ಲಿ ಹಿಂದೆ ಬೀಳುವರೇನೋ ಎಂಬ ಅಂಜಿಕೆ ನಿಮಗಿದೆ. ಪ್ರವೇಶದ ದಿನಗಳಲ್ಲಿ ಪ್ರತಿ ವರ್ಷವೂ ಅದನ್ನು ಕೇಳುತ್ತೇವೆ. ನಾವೂ ಏಳನೆಯವರೆಗೆ ಕನ್ನಡದಲ್ಲಿ, ಮುಂದೆ ತೆಲುಗಿನಲ್ಲಿ ಓದಿದವರು. ಎರಡು ಭಾಷೆಗಳ ನಡುವೆ ನಿಂತ ಮಗುವಿನ ಕಷ್ಟ ನಮಗೆ ಗೊತ್ತು. ಅಂಗಡಿಯ ಎಂಜಿನ್ನು ನಿಮ್ಮ ಮನೆಗೆ ಬಂದುದು ಈ ಅಂಜಿಕೆಯಿಂದಲೇ. ಇಂಗ್ಲಿಷಿನ ಹಾಳೆಯೊಂದು ಪಕ್ಕದಲ್ಲಿದ್ದರೆ ಮಗ ಯಾರಿಗೂ ಕಡಿಮೆಯಾಗಿ ಕಾಣುವುದಿಲ್ಲವೆಂದು ನೀವು ಭಾವಿಸಿದಿರಿ. ಆ ಹಾಳೆಗೆ ನಾವೂ ಮರುಳಾದೆವು. ಆದರೆ ಆ ದಿನ ಪ್ರದರ್ಶನದಲ್ಲಿ ತನ್ನ ಮಾದರಿಯ ಬಗ್ಗೆ ಒಂದು ಹೊಸ ಮಾತು ಹೇಳಿದವನು ಒಬ್ಬನೇ. "ಒಂದು ಕಡಿ ಭಾರ ಆಗ್ಯದ" ಎಂಬ ಮಾತು ಯಾವ ಹಾಳೆಯಲ್ಲಿಯೂ ಇರಲಿಲ್ಲ. ಅದು ಅವನ ಬೆರಳುಗಳಿಂದ ಹುಟ್ಟಿ ಅವನ ತಾಯ್ನುಡಿಯಲ್ಲಿ ಹೊರಬಂತು. ನಾಳೆ ಅವನು ಇದನ್ನೇ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಹೇಳಲು ಕಲಿಯುವನು, ಕಲಿಯಲೇಬೇಕು. ಹೇಳಲು ಒಂದು ಸಂಗತಿ ಇದ್ದವನಿಗೆ ಭಾಷೆ ಬೇಗ ಒದಗುತ್ತದೆ. ಸಂಗತಿಯೇ ಇಲ್ಲದವನಿಗೆ ಮೂರು ಭಾಷೆ ಬಂದರೂ ಒಪ್ಪಿಸುವುದಷ್ಟೇ ಬರುತ್ತದೆ.

ಅಂಗಡಿಯಿಂದ ತಂದ ಹುಡುಗನನ್ನಾಗಲಿ ಅವನ ತಂದೆಯನ್ನಾಗಲಿ ಯಾರೂ ದೂಷಿಸಬಾರದೆಂದು ಇಲ್ಲಿಯೇ ಹೇಳುತ್ತೇವೆ. ಪ್ರದರ್ಶನದ ಸೂಚನೆಯನ್ನು ನಾವು ಕೊಟ್ಟಿದ್ದು ಎಂಟು ದಿನ ಮೊದಲು. ಎಂಟು ದಿನಗಳಲ್ಲಿ, ರಾಶಿಯ ಸುಗ್ಗಿ ನಡೆದಿರುವಾಗ, ಹೊಲದಿಂದ ದಣಿದು ಬರುವ ತಂದೆ ಮಗನ ಜೊತೆ ಕೂತು ಏನು ಕಟ್ಟಬಲ್ಲ? ಸಮಯ ಕೊಡದೆ ಫಲ ಕೇಳಿದರೆ ಮಕ್ಕಳು ಅಂಗಡಿಯ ದಾರಿ ಹಿಡಿಯುತ್ತಾರೆ. ಆ ದಾರಿ ತೋರಿಸಿದವರು ನಾವೇ.

ಇಷ್ಟು ಓದಿ ಯಾರೂ ಜೆಟ್ ಮಾದರಿ ಕೊಡಿಸಿರೆಂದು ಮನೆಯಲ್ಲಿ ಹಟ ಹಿಡಿಯಬಾರದು. ಒಂದು ಎಂಜಿನ್ನಿಗೇ ಲಕ್ಷಾಂತರ ರೂಪಾಯಿ ಬೇಕು. ಅದರ ಬಾಲದಿಂದ ಬರುವ ಗಾಳಿ ಆರೇಳು ನೂರು ಡಿಗ್ರಿ ಬಿಸಿಯಿರುತ್ತದೆ. ತಿಳಿದವರು ಬೆಂಕಿ ಆರಿಸುವ ಸಿಲಿಂಡರನ್ನು ಪಕ್ಕದಲ್ಲಿಟ್ಟುಕೊಳ್ಳದೆ ಅದನ್ನು ಹಚ್ಚುವುದಿಲ್ಲ. ನಮ್ಮ ದೇಶದ 2021ರ ಡ್ರೋನ್ ನಿಯಮಗಳು 25 ಕಿಲೋಗ್ರಾಂವರೆಗಿನ ಮಾದರಿಗಳನ್ನು ಕಲಿಕೆಗೂ ವಿನೋದಕ್ಕೂ ಕಣ್ಣಳತೆಯೊಳಗೆ ಹಾರಿಸಲು ಅವಕಾಶ ಕೊಟ್ಟಿವೆ. ಆದರೆ ವಿಮಾನನೆಲೆಗಳ ಸುತ್ತಮುತ್ತ ಅನುಮತಿಯಿಲ್ಲದೆ ಏನನ್ನೂ ಹಾರಿಸುವಂತಿಲ್ಲ. ಬೀದರಿನ ನೆರೆಯವರಾದ ನಾವು ಇದನ್ನು ಮರೆಯಬಾರದು. ಕಲಿಯುವ ಮನಸ್ಸಿದ್ದವರಿಗೆ ಥರ್ಮಾಕೋಲಿನ ತುಂಡು, ಪೊರಕೆಕಡ್ಡಿ, ಮೂಗಿಗೆ ಒಂದಿಷ್ಟು ಹಸಿಮಣ್ಣು ಸಾಕು. ಶಾಲೆಯ ಅಂಗಳದಲ್ಲಿ ಕೈಯಿಂದ ತೇಲಿಬಿಡುವ ಆ ಪುಟ್ಟ ವಿಮಾನವೂ ಬಾಲ ಭಾರವಾದರೆ ಬೀಳುತ್ತದೆ, ಮೂಗು ಭಾರವಾದರೆ ನೆಲಕ್ಕೆ ಕುಟ್ಟುತ್ತದೆ, ತೂಕ ಸರಿಯಾದರೆ ತೇಲುತ್ತದೆ. ಲಕ್ಷ ರೂಪಾಯಿಯ ವಿಮಾನಕ್ಕೂ ಅದಕ್ಕೂ ನಿಯಮ ಒಂದೇ.

ಮುಂದಿನ ವರ್ಷಕ್ಕಾಗಿ ನಮ್ಮ ಕೆಲವು ಸಲಹೆಗಳನ್ನು ಮುಖ್ಯೋಪಾಧ್ಯಾಯರ ಮುಂದೆ ಇಟ್ಟಿದ್ದೇವೆ. ಪ್ರದರ್ಶನದ ಸೂಚನೆ ಮೂರು ತಿಂಗಳು ಮೊದಲೇ ಹೊರಡಬೇಕು. ಪ್ರತಿ ಮಾದರಿಯ ಜೊತೆಗೆ 'ಇದರಲ್ಲಿ ನಾನು ಮಾಡಿದ್ದು ಇಷ್ಟು, ಕೊಂಡದ್ದು ಇಷ್ಟು, ದೊಡ್ಡವರು ನೆರವಾದದ್ದು ಇಷ್ಟು' ಎಂದು ವಿದ್ಯಾರ್ಥಿಯೇ ಕನ್ನಡದಲ್ಲಿ ಬರೆದ ಒಂದು ಹಾಳೆ ಇರಬೇಕು. ಕೊಂಡ ಮಾದರಿಗಳನ್ನೂ ತರಬಹುದು, ಅವು ನೋಡುವುದಕ್ಕೆ, ಬಹುಮಾನ ಕಟ್ಟಿದ್ದಕ್ಕೆ. ನಡೆಯದ ಮಾದರಿಗೂ, ಏಕೆ ನಡೆಯಲಿಲ್ಲವೆಂದು ಸರಿಯಾಗಿ ಹೇಳಿದರೆ ಅಂಕ ಸಿಗಬೇಕು. ಶನಿವಾರದ ಕೊನೆಯ ಅವಧಿಯಲ್ಲಿ ಊರಿನ ಬಡಿಗರನ್ನೋ ಕಂಬಾರರನ್ನೋ ಕರೆಸಿ, ಅಚ್ಚು, ಕಡೆಗೀಲು, ನೊಗ ಇವುಗಳ ಕೆಲಸವನ್ನು ಅವರ ಬಾಯಿಂದಲೇ ಮಕ್ಕಳಿಗೆ ಕೇಳಿಸಬೇಕು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕ ಶಿಕ್ಷಣ ಎಂದಾಗ ಹೇಳಿದ್ದು ಇಂಥದನ್ನೇ. ತರಬೇತಿ ಕಾಲೇಜಿನಲ್ಲಿ ನಾವು ಅದನ್ನು ಪರೀಕ್ಷೆಗಾಗಿ ಬರೆದು ಮರೆತಿದ್ದೆವು. ಪಾಲಕ ಬಂಧುಗಳು ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಸೈಕಲ್ ಕಡ್ಡಿ, ತಗಡು, ಕೆಟ್ಟುನಿಂತ ಪಂಖ, ಇಕ್ಕಳಗಳನ್ನು ಶಾಲೆಗೆ ಕಳಿಸಿದರೆ ಅದೇ ದೊಡ್ಡ ಕಾಣಿಕೆ.

ಕೊನೆಯದಾಗಿ, ಕೊಟ್ಟ ಬಹುಮಾನವನ್ನು ಹಿಂದಕ್ಕೆ ಕೇಳುವುದು ಸಾಧ್ಯವಿರಲಿಲ್ಲ, ಸರಿಯೂ ಅಲ್ಲ. ಆದುದರಿಂದ ನಾವು ತಗಡಿನ ಹುಡುಗನನ್ನು ಶಿಕ್ಷಕರ ಕೋಣೆಗೆ ಕರೆದು, ಜರ್ಮನಿಯವರ ಎಂಜಿನ್ನಿನ ಕಥೆ ಹೇಳಿ, ನಮ್ಮಿಂದ ತಪ್ಪಾಯಿತೆಂದು ಹೇಳಿದೆವು. ಅವನು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಮೆಲ್ಲಗೆ, "ಈಗ ತಿರಗ್ತದರಿ ಸರ" ಎಂದ. ಮರುದಿನ ತಂದು ತೋರಿಸಿದ. ಭಾರವಾದ ಕಡೆಗೆ ಎದುರಾದ ಎಲೆಯ ತುದಿಗೆ ಮೇಣದಬತ್ತಿಯ ಮೇಣ ಒಂದು ಹನಿ ಹಚ್ಚಿ ತೂಕ ಸರಿಮಾಡಿದ್ದ. ಹಣತೆ ಹಚ್ಚಿದೆವು. ಚಕ್ರ ಮೆಲ್ಲಗೆ ಹೊರಟು, ವೇಗ ಹಿಡಿದು, ಗಂಟೆ ಬಾರಿಸುವವರೆಗೂ ತಿರುಗಿತು. ಜೆಟ್ ಎಂಜಿನ್ನು ತಂದಿದ್ದ ಹುಡುಗನೂ ಅಲ್ಲಿಯೇ ನಿಂತು ನೋಡುತ್ತಿದ್ದ. "ಮೇಣ ಯಾಕ ಹಚ್ಚೀದಿ?" ಎಂದು ಅವನು ಕೇಳಿದ. ಇಬ್ಬರೂ ಮಾತಾಡುತ್ತ ತರಗತಿಗೆ ಹೋದರು. ಮುಂದಿನ ಪ್ರದರ್ಶನಕ್ಕೆ ಇಬ್ಬರೂ ಕೂಡಿ ಏನೋ ಮಾಡುತ್ತಾರಂತೆ. ಏನೆಂದು ನಾವು ಕೇಳಿಲ್ಲ. ಮಾಡುವಾಗ ಒಮ್ಮೆ ಹೋಗಿ ನೋಡುತ್ತೇವೆ.